ಜರಡಿ ಹಿಡಿದ ಪುಡಿ

ಜೂನ್ 4

ಅಮ್ಮಾ,

ಬೆಂಕಿ ಹಚ್ಚುವುದಕ್ಕೆ ನನಗೆ ಸಂಬಳ ಕೊಡುತ್ತಾರಂತೆ! ನಂಬು, ತಮಾಷೆಯಲ್ಲ. ಆರು ವರ್ಷದವಳಿದ್ದಾಗ ದಿಂಬಿನ ಚೀಲಕ್ಕೆ ಕಡ್ಡಿ ಗೀರಿದ್ದಕ್ಕೆ ನೀನು ನನ್ನ ಕಿವಿ ಕೆಂಪಾಗುವ ಹಾಗೆ ಹಿಂಡಿದ್ದೆಯಲ್ಲ, ಈಗ ಅದೇ ಕೆಲಸಕ್ಕೆ ಬಿಳಿ ಕೋಟು, ದಪ್ಪ ಕನ್ನಡಕ, ಒಂದು ಗಂಟೆ ಊಟದ ಬಿಡುವು ಕೊಟ್ಟು ಕೂರಿಸಿದ್ದಾರೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಊಟ ಆಯ್ತಾ, ಮೈ ಹುಷಾರಾ" ಅನ್ನುವಷ್ಟರಲ್ಲಿ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ. ಪೂರ್ತಿ ಓದಬೇಕು, ಅಪ್ಪನಿಗೂ ಓದಿ ಹೇಳಬೇಕು.

ಯಾರೋ ಒಂದು ಹೊಸ ಪುಡಿ ತಯಾರಿಸುತ್ತಾರೆ. ಅದು ಲಾರಿಯಲ್ಲೋ ಹಡಗಿನಲ್ಲೋ ಹೋಗುವ ಮೊದಲು ಅದಕ್ಕೆ ಬೆಂಕಿ ತಗಲುತ್ತದೆಯೋ ಇಲ್ಲವೋ, ತಗಲಿದರೆ ಎಷ್ಟು ಜೋರಾಗಿ ಓಡುತ್ತದೆ ಅಂತ ಗೊತ್ತಾಗಬೇಕು. ಓಡುವ ಜಾತಿಯದ್ದಾದರೆ ಚೀಲದ ಮೇಲೆ ಕೆಂಪು-ಬಿಳಿ ಪಟ್ಟೆಯ ಚೀಟಿ ಅಂಟಿಸಬೇಕು. ಎಲ್ಲಿ ಇಡಬೇಕು, ಬಿಸಿಯಿಂದ ಎಷ್ಟು ದೂರ ಇರಬೇಕು, ಎಲ್ಲ ಅದರಿಂದಲೇ ತೀರ್ಮಾನ. ಆ ತೀರ್ಮಾನ ಮಾಡುವವಳು ನಿನ್ನ ಮಗಳು. ಸ್ವಲ್ಪ ಎದೆ ಉಬ್ಬಿಸಿಕೋ.

ಮಾಡುವುದು ಹೇಗೆ ಗೊತ್ತಾ? ಒಂದು ಗೇಣಿಗಿಂತ ತುಸು ಉದ್ದದ ತಗಡಿನ ಅಚ್ಚು ಇರುತ್ತದೆ, ಮನೆ ಮಾಡಿನ ಹಾಗೆ ಇಳಿಜಾರು, ತಲೆಕೆಳಗು. ಅದರಲ್ಲಿ ಪುಡಿಯನ್ನು ಸಡಿಲವಾಗಿ ತುಂಬಬೇಕು. ಎರಡು ಬೆರಳಿನ ಎತ್ತರದಿಂದ ಗಟ್ಟಿ ನೆಲದ ಮೇಲೆ ಮೂರು ಸಲ ಬೀಳಿಸಬೇಕು. ಎರಡೂ ಅಲ್ಲ, ನಾಲ್ಕೂ ಅಲ್ಲ. ಆಮೇಲೆ ತಣ್ಣಗಿನ ಟೈಲ್ಸ್ ಬಿಲ್ಲೆಯ ಮೇಲೆ ಮಗುಚಿ ಅಚ್ಚು ಎತ್ತಿದರೆ ಪುಡಿಯ ಪುಟ್ಟ ಗೋಡೆ ನಿಲ್ಲುತ್ತದೆ. ಅದರ ಒಂದು ತುದಿಗೆ ಬರ್ನರಿನ ಜ್ವಾಲೆ. ಎರಡು ನಿಮಿಷದೊಳಗೆ ಬೆಂಕಿ ಇಪ್ಪತ್ತು ಸೆಂಟಿಮೀಟರ್ ಓಡದಿದ್ದರೆ ಪುಡಿ ಪಾಸು, ಕೆಲಸ ಮುಗಿಯಿತು. ಓಡಿತೋ, ಇನ್ನೊಂದು ಗೋಡೆ ಕಟ್ಟಿ, ನಡುವಿನ ಹತ್ತು ಸೆಂಟಿಮೀಟರನ್ನು ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಅಂತ ಅಳೆಯಬೇಕು. ನಲವತ್ತೈದು ಸೆಕೆಂಡಿಗಿಂತ ಬೇಗ ದಾಟಿದರೆ ಪಟ್ಟೆ ಚೀಟಿ ಗ್ಯಾರಂಟಿ.

ಇದೆಲ್ಲ ನಡೆಯುವುದು ಗಾಜಿನ ಬಾಗಿಲಿನ ಹೊಗೆಗೂಡಿನೊಳಗೆ. ನನ್ನ ಮೇಲಿನವರಿಗೆ ನಾವು ಇಟ್ಟ ಹೆಸರು ಸೆಕೆಂಡ್ ಸಾರ್. ಕುತ್ತಿಗೆಯಲ್ಲಿ ಸದಾ ಸ್ಟಾಪ್‌ವಾಚ್. ಅವರು ಚಹಾ ಆರಿಸಿಕೊಳ್ಳುವುದಕ್ಕೂ ಲೆಕ್ಕ ಇಟ್ಟಿದ್ದಾರೆ ಅಂತ ಎಲ್ಲರೂ ಆಡಿಕೊಳ್ಳುತ್ತಾರೆ. ಮೊದಲ ದಿನವೇ ಹೇಳಿದರು: "ನೋಡಿ, ಇಲ್ಲಿ ನಾವು ಬೆಂಕೀನ ಪ್ರಶ್ನೆ ಕೇಳ್ತೀವಿ ಅಷ್ಟೆ. ಉತ್ತರ ಅದು ಹೇಳ್ಬೇಕು. ನಾವು ಹೇಳ್ಕೊಡೋ ಹಾಗಿಲ್ಲ."

ಪುಡಿ ಯಾರದ್ದು ಅಂತ ನಮಗೆ ತಿಳಿಸುವುದಿಲ್ಲ. ಕಚೇರಿಯವರು ಹೆಸರು ಕಿತ್ತು ಬರೀ ನಂಬರ್ ಹಾಕಿ ಒಳಗೆ ಕಳಿಸುತ್ತಾರೆ. ಮುಖ ನೋಡಿ ಮಣೆ ಹಾಕುವ ಹಾಗೇ ಇಲ್ಲ.

ನಿನ್ನ,
ಬೆಂಕಿಪೊಟ್ಟಣ


ಜೂನ್ 16

ಬೆಂಕಿಪೊಟ್ಟಣವೇ,

ನಿನ್ನ ಕಾಗದ ನಿನ್ನಪ್ಪನಿಗೆ ಎರಡು ಸಲ ಓದಿ ಹೇಳಿದೆ. "ಅಂತೂ ನನ್ನ ಮಗಳು ದಿಂಬು ಸುಟ್ಟಿದ್ದು ವ್ಯರ್ಥವಾಗ್ಲಿಲ್ಲ" ಅಂದರು. ಪಕ್ಕದ ಮನೆಯವಳಿಗೂ ಹೇಳಿದೆ. ಅವಳು ಹೊಟ್ಟೆಕಿಚ್ಚಿಗೆ "ಅಯ್ಯೋ, ಅಪಾಯದ ಕೆಲಸ" ಅಂದಳು. ನಾನು ಸುಮ್ಮನಿರುತ್ತೇನೆಯೇ? "ಅಪಾಯ ಅಲ್ಲ ಕಣೆ, ಅಪಾಯ ಅಳೆಯೋ ಕೆಲಸ" ಅಂದೆ. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ನನ್ನ ಕಡೆಯೂ ಸುದ್ದಿ ಇದೆ, ನಿನ್ನದಷ್ಟು ದೊಡ್ಡದಲ್ಲ. ಹತ್ತು ವರ್ಷ ನಾವು ಹದಿನೆಂಟು ಜನ ಹೆಂಗಸರು ಕಲ್ಲಿನ ಪುಡಿ ಜರಡಿ ಹಿಡಿದು ಚೀಲ ತುಂಬಿಸಿದ್ದು ನಿನಗೆ ಗೊತ್ತೇ ಇದೆ. ನೀನು ಓದಲು ಹೋದ ಮೇಲೆ, ಈಗ ಎಂಟು ತಿಂಗಳಿಂದ, ಕಾರ್ಖಾನೆಯಲ್ಲಿ ಹೊಸ ಮಾಲು. ರಬ್ಬರಿಗೆ ಬೆರೆಸುತ್ತಾರಂತೆ. ಬಲು ನಯ. ಸಂಜೆ ಹುಬ್ಬು ರೆಪ್ಪೆಯೆಲ್ಲ ದೂಳು ಕೂತಿರುತ್ತದೆ. ನಿನ್ನಪ್ಪ ಬಾಗಿಲಲ್ಲೇ, "ಇವತ್ತೂ ಹಿಟ್ಟಿನ ಗಿರಣಿಗೇ ಹೋಗಿದ್ಯಾ?" ಅನ್ನುತ್ತಾರೆ.

ಈ ಪುಡಿ ತುಂಬಿದ ಚೀಲದ ಬಾಯನ್ನು ಕಾದ ಪಟ್ಟಿಯಿಂದ ಒತ್ತಿ ಅಂಟಿಸುವ ಮಷಿನ್ ಒಂದಿದೆ. ಈಗ ಅದು ಅಂಗಳದ ಆಚೆ ಶೆಡ್ಡಿನಲ್ಲಿ. ತೆರೆದ ಚೀಲವನ್ನು ಅಲ್ಲಿಯವರೆಗೆ ಹೊರುವುದರಲ್ಲಿ ನಮ್ಮ ಸೊಂಟ ಬೀಳುತ್ತದೆ. ಯಜಮಾನರು ಇನ್ನೊಂದು ಮಷಿನ್ ತರಿಸಿ ಜರಡಿ ಕೋಣೆಯೊಳಗೇ ಇಡುತ್ತಾರಂತೆ. ಹಿಡಿಯುವುದು, ತುಂಬುವುದು, ಅಂಟಿಸುವುದು ಎಲ್ಲ ಒಂದೇ ಸೂರಿನಡಿ. ಆ ಕೋಣೆಗೆ ಮೇಲ್ವಿಚಾರಕಿ ಯಾರು ಅಂತೀಯ? ಹೇಳುವುದಿಲ್ಲ, ಊಹಿಸು. ಅದಕ್ಕೆ ಮೊದಲು ಎಲ್ಲಿಂದಲೋ ಏನೋ ಒಂದು ಕಾಗದ ಬರಬೇಕಂತೆ. ಬರಲಿ, ಆಮೇಲೆ ಬರೆಯುತ್ತೇನೆ.

ಕೂದಲು ಬಿಗಿಯಾಗಿ ಕಟ್ಟಿಕೋ. ಬೆಂಕಿಯ ಹತ್ತಿರ ಬಗ್ಗುವವಳು ನೀನು.

ನಿನ್ನ ಅಮ್ಮ


ಜುಲೈ 22

ಅಮ್ಮಾ, ಅಮ್ಮಾ, ಅಮ್ಮಾ!

ನಿನ್ನೆ ನಾನು ನನ್ನ ಮೊದಲ ರಿಪೋರ್ಟಿಗೆ ಸಹಿ ಹಾಕಿದೆ! ಇಷ್ಟು ದಿನ ಅಚ್ಚು ಒರೆಸುವುದು, ಸೆಕೆಂಡ್ ಸಾರ್ ಹೇಳಿದ ಅಂಕಿ ಬರೆದುಕೊಳ್ಳುವುದು, ಇಷ್ಟೇ. ಹೋದ ವಾರ ಅವರು ಒಂದು ಜಾಡಿ ನನ್ನ ಮುಂದೆ ಇಟ್ಟು, "ಇದು ನಿಮ್ದು" ಅಂದರು. ಅಚ್ಚನ್ನು ಎರಡೆರಡು ಸಲ ಒರೆಸಿ ಶುರುಮಾಡಿದೆ.

ಎಂಥಾ ಚೆಂದದ ಪುಡಿ ಅದು! ಪುಡಿ ಅನ್ನುವುದಕ್ಕಿಂತ ಹರಳು ಅನ್ನಬೇಕು. ತಿಳಿ ಹಳದಿ, ಒಂದೊಂದು ಕಾಳೂ ಸಕ್ಕರೆಯ ಹಾಗೆ ಬಿಡಿಬಿಡಿ. ಜಾಡಿಯ ಗಾಜಿಗೆ ಒಂದು ಚೂರು ದೂಳೂ ಅಂಟಿರಲಿಲ್ಲ. ಜ್ವಾಲೆ ಮುಟ್ಟಿಸಿದರೆ ತುದಿ ಮೆತ್ತಗೆ ಕರಗಿತು, ನೀಲಿ ಬೆಂಕಿ ನಾಚಿಕೊಂಡು ಎರಡು ಬೆರಳಿನಷ್ಟು ನಡೆಯಿತು, ಆರಿಹೋಯಿತು. ಎರಡು ನಿಮಿಷ ಕಾದೆ. ಇನ್ನೊಮ್ಮೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ಪ್ರತಿ ಸಲವೂ ಅಲ್ಲಲ್ಲೇ ಆರಿತು. ಬೇಗ ಹೊತ್ತಿಕೊಳ್ಳುವ ವರ್ಗಕ್ಕೆ ಸೇರುವುದಿಲ್ಲ ಅಂತ ಬರೆದು ಸಹಿ ಹಾಕಿದೆ.

ಜಾಡಿಯ ಜೊತೆ ಬಂದ ಫಾರ್ಮಿನಲ್ಲಿ ಒಂದೇ ಒಂದು ಸಾಲು ಖಾಲಿ ಇತ್ತು. "ಮಾಲು ಮಾರಾಟಕ್ಕೆ ಹೋಗುವ ರೂಪದಲ್ಲೇ ಇದೆಯೇ?" ಅಂತ. ಕಳಿಸಿದವರು ಅದನ್ನು ತುಂಬಿಸಿರಲೇ ಇಲ್ಲ. ಕಚೇರಿಯವರು ಕಾಗದ ಬರೆದು ಕೇಳಿ ಉತ್ತರ ತರಿಸುವುದೆಂದರೆ ಹತ್ತು ದಿನ. ಮಾರುವ ಮಾಲನ್ನಲ್ಲದೆ ಇನ್ನೇನು ಕಳಿಸುತ್ತಾರೆ ಅಂತ ನಾನೇ "ಹೌದು" ಎಂದು ಗುರುತು ಹಾಕಿದೆ. ನನ್ನ ಚುರುಕು ಹೇಗಿದೆ?

ಸೆಕೆಂಡ್ ಸಾರ್ ಕೈ ಕುಲುಕಿದರು. ಐದು ಸೆಕೆಂಡ್ ಪೂರ್ತಿ!

ನಿನ್ನ ಮಗಳು
(ಇನ್ನು ಮೇಲೆ ಸಹಿ ಹಾಕುವವಳು)


ಜುಲೈ 31

ನನ್ನ ಬಂಗಾರವೇ,

ಕೂತಿದ್ದರೆ ಎದ್ದು ನಿಲ್ಲು, ನಿಂತಿದ್ದರೆ ಕೂತುಕೋ. ನಿನ್ನ ಸಹಿ ನೋಡಿದೆ!

ಇವತ್ತು ಬೆಳಿಗ್ಗೆ ಯಜಮಾನರು ಒಂದು ಕಾಗದ ಹಿಡಿದುಕೊಂಡು ಜರಡಿ ಕೋಣೆಗೇ ಬಂದರು. "ನಮ್ಮ ಪುಡಿ ಪಾಸಾಯ್ತು, ಬೆಂಕಿಗೂ ಬಗ್ಗಲ್ವಂತೆ" ಅಂತ ಎಲ್ಲರಿಗೂ ತೋರಿಸಿ ಗೋಡೆಗೆ ಹಚ್ಚಿಸಿದರು. ನಾನು ಕುರ್ಚಿ ಹತ್ತಿ ಓದಲು ಹೋದೆ. ಕೆಳಗೆ ಸಹಿ. ಆ ಸೊಟ್ಟ ಬಾಲದ ಸಹಿ ನನಗೆ ಗೊತ್ತಿಲ್ಲವೇ! ಶಾಲೆಯಲ್ಲಿ ನೀನು ನನ್ನ ಸಹಿ ನಕಲು ಮಾಡಲು ಹೋಗಿ ಕಲಿತದ್ದಲ್ಲವೇ ಅದು! ಕುರ್ಚಿಯ ಮೇಲಿಂದಲೇ ಕೂಗಿದೆ, "ಇದು ನನ್ ಮಗಳು!" ಅಂತ. ಹದಿನೇಳು ಜನ ಜರಡಿ ಬಿಟ್ಟು ಓಡಿ ಬಂದರು. ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಯಾವ ಜನ್ಮದ ಪುಣ್ಯವೋ, ಅಮ್ಮ ಹಿಡಿದ ಪುಡಿಗೆ ಮಗಳ ಸಹಿ!

ಇನ್ನೊಂದು ಗುಟ್ಟು ಹೇಳುತ್ತೇನೆ, ಕೇಳು. ಸ್ಯಾಂಪಲ್ ತೆಗೆದವಳು ನಾನೇ. ಯಜಮಾನರು, "ಹೊರಗಡೆ ಹೋಗೋದಮ್ಮ, ಚೆನ್ನಾಗಿರೋದನ್ನ ನೋಡಿ ಕೊಡಿ" ಅಂದಿದ್ದರು. ದೂಳು ದೂಳಾದ ಮಾಲನ್ನು ಯಾರಾದರೂ ಪರರ ಮನೆಗೆ ಕಳಿಸುತ್ತಾರೆಯೇ? ಮೂರು ಚೀಲ ಬಿಚ್ಚಿ, ದೊಡ್ಡ ಕಣ್ಣಿನ ಜರಡಿಯಲ್ಲಿ ಮೂರು ಸಲ ಹಿಡಿದು, ನಯವೆಲ್ಲ ಕೆಳಗೆ ಬಿಟ್ಟು, ಮೇಲೆ ಉಳಿದ ಕಾಳನ್ನು ಮಾತ್ರ ಆರಿಸಿ ಕೊಟ್ಟೆ. ಮೂರು ಚೀಲಕ್ಕೆ ಎರಡು ಹಿಡಿ ಸಿಕ್ಕಿತು. ನೀನು "ಎಂಥಾ ಚೆಂದದ ಪುಡಿ" ಅಂತ ಬರೆದಿದ್ದೆಯಲ್ಲ, ಅದು ನನ್ನ ಕೈಯ ಚೆಂದ!

ಮಷಿನ್ ಆಗಸ್ಟ್ 20ಕ್ಕೆ ಶುರು. ಮೇಲ್ವಿಚಾರಕಿ ನಾನೇ. ಇನ್ನು ಗುಟ್ಟಿಲ್ಲ.

ಹಿಗ್ಗಿ ಹೀರೇಕಾಯಿಯಾಗಿರುವ,
ನಿನ್ನ ಅಮ್ಮ


ಆಗಸ್ಟ್ 5

ಅಮ್ಮಾ,

ನಿನ್ನ ಕಾಗದ ಬಂದ ತಕ್ಷಣ ಕಾರ್ಖಾನೆಗೆ ಫೋನ್ ಮಾಡಿದೆ. ನಾನು ಎರಡು ಮಾತು ಹೇಳುವಷ್ಟರಲ್ಲಿ ನೀನು "ಕೆಲಸ ಇದೆ" ಅಂತ ಇಟ್ಟುಬಿಟ್ಟೆ. ಸಂಜೆ ಮನೆಗೆ ಮಾಡಿದರೆ ಅಪ್ಪ ಎತ್ತಿಕೊಂಡು, "ಏನೋ ಗೊತ್ತಿಲ್ಲಮ್ಮ, ಹಿತ್ತಲಲ್ಲಿದಾಳೆ, ಬರಲ್ಲ ಅಂತಾಳೆ" ಅಂದರು. ಕಾಗದವನ್ನಾದರೂ ನೀನು ಅರ್ಧಕ್ಕೆ ಇಡಲಾರೆ ಅಂದುಕೊಂಡು ಬರೆಯುತ್ತಿದ್ದೇನೆ.

ನಾನು ಪರೀಕ್ಷೆ ಮಾಡಿದ್ದು ನಿನ್ನ ಚೀಲದಲ್ಲಿರುವುದನ್ನಲ್ಲ. ಚೀಲದಲ್ಲಿರುವುದು ನೀನು ಕೆಳಗೆ ಬಿಟ್ಟ ನಯ. ಕಾಳು ಬೇರೆ, ನಯ ಬೇರೆ ಅಮ್ಮ. ಸೌದೆಯ ದಿಮ್ಮಿಗೆ ಕಡ್ಡಿ ಗೀರಿ ಹಿಡಿ, ಏನೂ ಆಗುವುದಿಲ್ಲ. ಅದೇ ಮರದ ಹೊಟ್ಟಿಗೆ ಗೀರಿ ನೋಡು. ವಸ್ತು ಒಂದೇ, ಆದರೆ ಬೆಂಕಿಗೆ ಅದು ಒಂದೇ ಅಲ್ಲ. ಅದಕ್ಕೇ ಫಾರ್ಮಿನಲ್ಲಿ ಆ ಸಾಲು ಇರುವುದು. ಮಾರುವ ರೂಪದಲ್ಲೇ ಇರಬೇಕು, ಆರಿಸಬಾರದು, ಸೋಸಬಾರದು.

ಈಗ ಆ ನಯದ ಕೋಣೆಯೊಳಗೆ ಕಾದ ಪಟ್ಟಿಯ ಮಷಿನ್ ಇಡುತ್ತಾರೆ. ಇಡುತ್ತಿರುವುದು ನನ್ನ ಸಹಿಯ ಬಲದ ಮೇಲೆ. ಗೋಡೆಯ ಮೇಲೆ, ಮಾಡಿನ ಜಂತಿಯ ಮೇಲೆ, ನಿನ್ನ ರೆಪ್ಪೆಯ ಮೇಲೆ ದೂಳು. ರಾಶಿಯಾಗಿ ಬಿದ್ದ ದೂಳಿನ ಮಾತು ಇದು. ಗಾಳಿಯಲ್ಲಿ ತೇಲುವ ದೂಳಿನ ಮಾತು ಇನ್ನೂ ಬೇರೆ, ಅದು ಬರೀ ಉರಿಯುವುದಿಲ್ಲ, ಸಿಡಿಯುತ್ತದೆ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಧೈರ್ಯ ಸಾಲದು.

ನಿನ್ನ ಮೇಲೆ ಒಂದು ಚೂರೂ ಸಿಟ್ಟಿಲ್ಲ. ನೀನು ಮರ್ಯಾದೆಗೆ ಜರಡಿ ಹಿಡಿದೆ. ತಪ್ಪು ಮಾಡಿದ್ದು ನಾನು. ಕೇಳಬೇಕಾದ ಪ್ರಶ್ನೆ ಕೇಳದೆ ನಾನೇ ಉತ್ತರ ಬರೆದುಕೊಂಡೆ. ಸೆಕೆಂಡ್ ಸಾರ್ ಊರಿಂದ ಸೋಮವಾರ ಬರುತ್ತಾರೆ. ಅವರಿಗೆ ಎಲ್ಲ ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ಹೇಳಬೇಕಿತ್ತು.

ನಿನ್ನ ಮಗಳು


ಆಗಸ್ಟ್ 9

ಮಗಳೇ,

ಹೇಳಬೇಡ.

ಹತ್ತು ತಿಂಗಳಿಂದ ಹಿಡಿಯುತ್ತಿದ್ದೇವೆ, ಒಂದು ಕಿಡಿ ಕಂಡಿಲ್ಲ. ಮೊದಲ ಸಹಿಯನ್ನೇ ವಾಪಸು ತೆಗೆದುಕೊಂಡರೆ ನಿನ್ನನ್ನು ಅಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಅದೂ ತಾಯಿ ಮಾಡಿದ ಎಡವಟ್ಟಿನಿಂದ? ನಾನು ಕೋಣೆಯಲ್ಲಿ ಹುಷಾರಾಗಿರುತ್ತೇನೆ, ಮಷಿನ್ ಸುತ್ತ ದಿನಕ್ಕೆ ನಾಲ್ಕು ಸಲ ಗುಡಿಸುತ್ತೇನೆ. ನಿನ್ನಪ್ಪನಿಗೂ ಹೇಳಿಲ್ಲ.

ಇಷ್ಟು ಮಾಡು.

ಅಮ್ಮ


ಆಗಸ್ಟ್ 13

ಅಮ್ಮಾ,

ಹೇಳಿಬಿಟ್ಟೆ. ಕ್ಷಮಿಸು. ಕ್ಷಮಿಸದಿದ್ದರೂ ಪರವಾಗಿಲ್ಲ, ನೀನು ಬದುಕಿದ್ದು ಸಿಟ್ಟು ಮಾಡಿಕೋ.

ಸೆಕೆಂಡ್ ಸಾರ್ ಫಾರ್ಮ್ ತರಿಸಿದರು. ಆ ಸಾಲಿನ ಮೇಲೆ ಬೆರಳಿಟ್ಟು, "ಈ ಗುರುತು ಯಾರದ್ದು?" ಅಂದರು. "ನಂದು ಸಾರ್" ಅಂದೆ. ಸ್ಟಾಪ್‌ವಾಚನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಖಾಲಿ ಜಾಗ ಕಂಡ್ರೆ ಹೆದರ್ಬೇಕು ರೀ. ತುಂಬಬಾರ್ದು" ಅಂದರು. ಅಷ್ಟೇ ಬೈಗುಳ. ಅದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ವರ್ಷ ಮುಗಿಯುವ ತನಕ ನಾನು ಯಾವ ರಿಪೋರ್ಟಿಗೂ ಸಹಿ ಹಾಕುವ ಹಾಗಿಲ್ಲ. ಕೆಲಸ ಹೋಗಲಿಲ್ಲ.

ನಿಮ್ಮ ಕಾರ್ಖಾನೆಗೆ ಅವರೇ ಫೋನ್ ಮಾಡಿದರು. ಯಜಮಾನರು ಪರಊರಿಗೆ ಹೋಗಿದ್ದಾರಂತೆ, 20ನೇ ತಾರೀಕು ಬೆಳಿಗ್ಗೆ ನೇರ ಮಷಿನ್ ಶುರು ಮಾಡುವುದಕ್ಕೇ ಬರುತ್ತಾರಂತೆ. ಗುಮಾಸ್ತರು "ಆಯ್ತು, ಹೇಳ್ತೀನಿ" ಅಂದರು. ಆ "ಆಯ್ತು" ಸಾರ್‌ಗೆ ಹಿಡಿಸಲಿಲ್ಲ. ರಿಪೋರ್ಟ್ ರದ್ದಾಗಿದೆ ಅಂತ ರಿಜಿಸ್ಟರ್ ಅಂಚೆಯಲ್ಲೂ ಕಳಿಸಿದ್ದಾರೆ. ಅದು ಯಜಮಾನರ ಮೇಜಿನ ಮೇಲೆ ಬಿದ್ದಿರುತ್ತದೆ. ಒಡೆದು ಓದುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ನೀನು ಎಷ್ಟು ಗುಡಿಸಿದರೂ ಸಾಲದು ಅಮ್ಮ. ಗುಡಿಸಿದರೆ ಅದು ಏಳುತ್ತದೆ. 20ಕ್ಕೆ ಹುಷಾರಿಲ್ಲ ಅಂತ ಮನೆಯಲ್ಲಿರು. ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು


ಆಗಸ್ಟ್ 20, ಸಂಜೆ

ಮಗಳೇ,

ಮನೆಯಲ್ಲಿರು ಅಂದೆ. ಉಳಿದ ಹದಿನೇಳು ಜನರ ಗತಿ ಏನು ಅಂತ ಬರೆಯಲಿಲ್ಲ. ಎರಡು ದಿನ ಅದೇ ತಲೆಯಲ್ಲಿ ಕೊರೆಯಿತು. ಮೂರನೆಯ ದಿನ ನಿನ್ನ ಜೂನ್ ತಿಂಗಳ ಕಾಗದ ಹುಡುಕಿ ತೆಗೆದೆ.

ನಮ್ಮ ಫಿಟ್ಟರಿಗೆ ಹೇಳಿ ತಗಡು ಮಡಿಸಿ ಅಚ್ಚು ಮಾಡಿಸಿದೆ. ಅವನು, "ಏನಕ್ಕಾ, ಬಿಸ್ಕತ್ತು ಮಾಡ್ತೀರಾ?" ಅಂದ. ಸ್ನಾನದ ಮನೆ ರಿಪೇರಿಯಲ್ಲಿ ಉಳಿದ ದಪ್ಪ ಬಿಲ್ಲೆ ಎರಡು ಸಿಕ್ಕವು. ಸ್ಕೇಲು ನಿನ್ನಪ್ಪನದು. ಅವರಿಗೆ ಆಗ ಎಲ್ಲ ಹೇಳಿದೆ. ಬೈಯುತ್ತಾರೆ ಅಂತಿದ್ದೆ, ಸುಮ್ಮನೆ ಎದ್ದು ಹೋಗಿ ಎರಡು ಬಕೆಟ್ ಮರಳು ತುಂಬಿ ತಂದರು.

ಇವತ್ತು ಬೆಳಿಗ್ಗೆ ಯಜಮಾನರು ಬರುವ ಮೊದಲೇ ಅಂಗಳದ ನಟ್ಟನಡುವೆ, ಕೋಣೆಯಿಂದ ದೂರ, ಬಿಲ್ಲೆ ಎರಡನ್ನೂ ಪಕ್ಕಪಕ್ಕ ಇಟ್ಟೆ. ಗಾಳಿಗೆ ಅಡ್ಡ ಒಂದು ಹಲಗೆ. ಒಂದು ಬಿಲ್ಲೆಯ ಮೇಲೆ ನಾನು ಲ್ಯಾಬಿಗೆ ಕಳಿಸಿದಂಥದ್ದೇ ಹರಳು, ಅದೇ ಜರಡಿಯಲ್ಲಿ ಹಿಡಿದದ್ದು. ಇನ್ನೊಂದರ ಮೇಲೆ ಚೀಲದ ಬಾಯಿಂದ ಮೊಗೆದದ್ದು, ಇದ್ದದ್ದು ಇದ್ದ ಹಾಗೆ. ಅಚ್ಚು ಬೀಳಿಸುವಾಗ ನನ್ನ ಜೊತೆಯವರೆಲ್ಲ ಒಟ್ಟಿಗೆ ಎಣಿಸಿದರು. ಆಮೇಲೆ ಅವರನ್ನೆಲ್ಲ ಗೇಟಿನ ಹತ್ತಿರ ಕಳಿಸಿದೆ.

ಹೊಸ ಅಂಗಿ ಹಾಕಿಕೊಂಡು ಯಜಮಾನರು ಕಾರಿಂದ ಇಳಿದರು. "ಏನ್ರೀ ಇದು? ಮಕ್ಕಳಾಟನಾ?" ಅಂದರು. ನಾನು ಹೇಳಿದೆ. "ಸಾರ್, ಗೋಡೆ ಮೇಲಿರೋ ಕಾಗದ ರದ್ದಾಗಿದೆ. ನಿಮ್ಮ ಮೇಜಿನ ಮೇಲೆ ಅಂಚೆ ಇದೆ, ಓದಿ. ಓದೋಕೆ ಪುರುಸೊತ್ತಿಲ್ಲ ಅಂದ್ರೆ ಇಲ್ಲೇ ನಾಲ್ಕು ನಿಮಿಷ ನಿಂತ್ಕೊಳ್ಳಿ."

"ಮಷಿನ್ನೋರು ಕಾಯ್ತಿದಾರಮ್ಮ."

"ಕಾಯ್ಲಿ ಸಾರ್."

ಹತ್ತು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅದಕ್ಕೇ ನಿಂತರೋ ಏನೋ.

ಫಿಟ್ಟರ್ ಬೆಸುಗೆಯ ಗ್ಯಾಸ್ ದೀಪ ತಂದು ಮೊದಲು ಹರಳಿಗೆ ಹಿಡಿದ. ನೀನು ಬರೆದ ಹಾಗೇ ಆಯಿತು. ಕರಗಿತು, ನೀಲಿ ಬೆಂಕಿ ತುಸು ನಡೆಯಿತು, ಆರಿತು. ಯಜಮಾನರು ನಕ್ಕು, "ಮತ್ತೆ? ಪಾಸಲ್ವಾ?" ಅಂದರು. ಆಮೇಲೆ ಎರಡನೆಯದಕ್ಕೆ ಹಿಡಿದ.

ಅಯ್ಯೋ ಮಗಳೇ! ಹೇಗೆ ಬರೆಯಲಿ! ಫಿಟ್ಟರ್ ಕೈ ಹಿಂದೆ ಎಳೆಯುವಷ್ಟೂ ಪುರುಸೊತ್ತು ಕೊಡಲಿಲ್ಲ. ಸರ್ರಂತ ಹೊರಟಿತು! ಗೋಡೆಯ ಉದ್ದಕ್ಕೂ ನೀಲಿ, ಮೇಲೆ ದಟ್ಟ ಹೊಗೆ, ಮೂಗು ಸುಡುವ ವಾಸನೆ. ಹತ್ತು ಸೆಂಟಿಮೀಟರಿಗೆ ಬಿಲ್ಲೆಯ ಅಂಚಿನಲ್ಲಿ ಎರಡು ಗೀಟು ಎಳೆದಿದ್ದೆ. ಮೊದಲ ಗೀಟು ದಾಟಿದ್ದೇ ತಡ ನಾನು ಕೈ ಎತ್ತಿದೆ, ಗೇಟು ಕಾಯುವವರು ಗಡಿಯಾರ ನೋಡಿಕೊಂಡು ಜೋರಾಗಿ ಎಣಿಸತೊಡಗಿದರು. ಹತ್ತು, ಇಪ್ಪತ್ತು, ಮೂವತ್ತು. ಹೆಂಗಸರೂ ಜೊತೆಗೆ ಕೂಗುತ್ತಿದ್ದರು. ಮೂವತ್ತಾರಕ್ಕೆ ಎರಡನೆಯ ಗೀಟು! ನಲವತ್ತೈದು ಆಗಿರಲೇ ಇಲ್ಲ! ನನಗೆ ಹೆದರಿಕೆಯೋ ಖುಷಿಯೋ ಗೊತ್ತಾಗಲಿಲ್ಲ. ನೀನು ದಿನಾ ಇದನ್ನು ನೋಡುತ್ತೀಯಾ? ನಿನ್ನ ಕೆಲಸ ಏನು ಅಂತ ನನಗೆ ಇವತ್ತು ಅರ್ಥವಾಯಿತು.

ಮರಳು ಸುರಿದು ಆರಿಸಿದೆ. ಆಮೇಲೆ ಎಲ್ಲರೆದುರು ಹೇಳಿದೆ. "ಲ್ಯಾಬಿಗೆ ಹೋಗಿದ್ದು ಆ ಹರಳು ಸಾರ್. ನಮ್ಮ ಚೀಲದಲ್ಲಿರೋದು, ಕೋಣೇಲಿರೋದು, ನಮ್ಮ ತಲೆ ಮೇಲೆ ಕೂರೋದು ಇದು. ಆರಿಸಿ ಕಳಿಸಿದೋಳು ನಾನೇ. ಬೇರೆ ಯಾರ ತಪ್ಪೂ ಅಲ್ಲ."

ಯಜಮಾನರು ಬಿಲ್ಲೆಯನ್ನೇ ನೋಡುತ್ತಾ ನಿಂತಿದ್ದರು. ಬೆವರಿ ಹೊಸ ಅಂಗಿ ಬೆನ್ನಿಗೆ ಅಂಟಿತ್ತು. ತಾವೇ ಜರಡಿ ಕೋಣೆಗೆ ಹೋಗಿ ಮಷಿನ್ನಿನ ಪ್ಲಗ್ ಎಳೆದು, ವಯರು ಬಿಚ್ಚಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರು. "ಮಷಿನ್ನ ಶೆಡ್ಡಿಗೆ ಹಾಕ್ಸಿ" ಅಂದರು. ಗೋಡೆಯ ಕಾಗದವನ್ನೂ ಕಿತ್ತರು. ನನ್ನನ್ನು ಮಾತ್ರ ಕಣ್ಣೆತ್ತಿ ನೋಡಲಿಲ್ಲ.

ಆ ಕೋಣೆಯ ಹುದ್ದೆ ಇನ್ನಿಲ್ಲ. ಬೇಜಾರಿಲ್ಲ ಅಂದರೆ ಸುಳ್ಳಾದೀತು. ಸ್ವಲ್ಪ ಇದೆ.

ನಿನ್ನ ಅಮ್ಮ


ಆಗಸ್ಟ್ 29

ಅಮ್ಮಾ!

ನಿನಗೇನು ತಲೆ ಕೆಟ್ಟಿತ್ತಾ? ಅಂಗಳದಲ್ಲಿ! ಬೆಸುಗೆ ದೀಪ ಹಿಡಿದು! ಕೈಗವಸು ಇತ್ತಾ? ಕನ್ನಡಕ? ಆ ಹೊಗೆ ಕುಡಿದಿದ್ದರೆ? ಓದುತ್ತಾ ಓದುತ್ತಾ ಕೋಪಕ್ಕೆ ಕಾಗದ ಮೇಜಿನ ಮೇಲೆ ಕುಕ್ಕಿದೆ, ಮತ್ತೆ ಎತ್ತಿಕೊಂಡೆ, "ಮೂವತ್ತಾರಕ್ಕೆ ಎರಡನೆಯ ಗೀಟು" ಬಂದಾಗ ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಪಕ್ಕದ ಕೋಣೆಯವಳು ಬಾಗಿಲು ಬಡಿದು "ಏನಾಯ್ತು?" ಅಂದಳು. "ನಮ್ಮಮ್ಮ!" ಅಂದೆ.

ಇನ್ನೊಮ್ಮೆ ಹೀಗೆ ಮಾಡಿದರೆ ಕಿವಿ ಹಿಂಡುವ ಸರದಿ ನನ್ನದು, ನೆನಪಿಟ್ಟುಕೋ.

ನಿಮ್ಮ ಯಜಮಾನರು ಮಾರನೆಯ ದಿನವೇ ಹೊಸ ಸ್ಯಾಂಪಲ್ ಕಳಿಸಿದ್ದಾರೆ, ಬಾಯಿ ಅಂಟಿಸಿದ ಚೀಲವನ್ನೇ ಪೂರ್ತಿಯಾಗಿ! ಫಾರ್ಮಿನ ಆ ಸಾಲನ್ನೂ ಅವರೇ ತುಂಬಿಸಿದ್ದಾರೆ. ಆ ಪುಡಿ ಯಾರದ್ದು ಅಂತ ಈಗ ನನಗೆ ಗೊತ್ತಲ್ಲ, ಹಾಗಾಗಿ ನಾನು ಮುಟ್ಟುವ ಹಾಗಿಲ್ಲ. ನನ್ನ ಜೊತೆಯವಳು ಮಾಡಿದಳು. ನಾನು ಗಾಜಿನ ಈಚೆ ಕೈಕಟ್ಟಿ ನಿಂತಿದ್ದೆ. ಅದು ಓಡಿತು ಅಮ್ಮ. ಮೂವತ್ತೊಂದು ಸೆಕೆಂಡ್. ಎರಡನೆಯ ಸಲ ಮೂವತ್ತು. ಗೋಡೆಯ ಒಂದು ಕಡೆ ಹನಿ ನೀರು ಹಾಕಿ ನೆನೆಸಿ ನೋಡುತ್ತೇವೆ. ಅಲ್ಲಿಗೆ ಬಂದು ಬೆಂಕಿ ನಿಂತಿತು, ನಾಲ್ಕು ನಿಮಿಷ ಕಾದರೂ ದಾಟಲಿಲ್ಲ. ಹಾಗಾಗಿ ಎರಡನೆಯ ವರ್ಗ, ಮೊದಲನೆಯದಕ್ಕಿಂತ ಅಪಾಯ ತುಸು ಕಡಿಮೆ. ನಿನ್ನ ಚೀಲಗಳಿಗೆ ಇನ್ನು ಮೇಲೆ ಪಟ್ಟೆ ಚೀಟಿ.

ಸೆಕೆಂಡ್ ಸಾರ್‌ಗೆ ನಿನ್ನ ಕಾಗದ ಓದಲು ಕೊಟ್ಟೆ. ತಪ್ಪು ತಿಳಿಯಬೇಡ, ಕೊಡದೆ ಇರಲಾಗಲಿಲ್ಲ. ಎರಡು ಸಲ ಓದಿದರು. "ಗಾಳಿಗೆ ಹಲಗೆ ಇಟ್ಟಿದಾರಲ್ರೀ!" ಅಂದರು, ನಿಧಿ ಸಿಕ್ಕವರ ಹಾಗೆ. ಆಮೇಲೆ, "ಎರಡೂ ಪಕ್ಕಪಕ್ಕ ಇಟ್ಟು ತೋರ್ಸಿದ್ರು ನೋಡಿ. ನಮಗೆ ಅದು ಹೊಳೀಲಿಲ್ಲ" ಅಂದರು. ದೂಳು ಹೀರುವ ಫ್ಯಾನು ಎಲ್ಲಿ ಹಾಕಬೇಕು, ಹೇಗೆ ಒರೆಸಬೇಕು ಅಂತ ನಿಮ್ಮ ಯಜಮಾನರಿಗೆ ಅವರೇ ಉದ್ದುದ್ದ ಕಾಗದ ಬರೆಯುತ್ತಿದ್ದಾರೆ. ತೇಲುವ ದೂಳಿನ ಪರೀಕ್ಷೆಯನ್ನೂ ಮಾಡಿಸಿ ಅಂತ ಹೇಳಿದ್ದಾರೆ.

ಹುದ್ದೆಯ ಬಗ್ಗೆ ನಿನಗೆ ಬೇಜಾರಾಗಿದ್ದಕ್ಕೆ ನನಗೂ ಬೇಜಾರಾಗಿದೆ. ಸಮಾಧಾನದ ಮಾತು ಹುಡುಕಿದೆ, ಸಿಗಲಿಲ್ಲ. ನನಗೆ ನೀನು ಬೇಕು. ಅಷ್ಟೇ ಗೊತ್ತು.

ನಿನ್ನ ಮಗಳು


ಸೆಪ್ಟೆಂಬರ್ 7

ಮಗಳೇ,

ಹೊಸ ಮಷಿನ್ ನಿನ್ನೆ ಶೆಡ್ಡಿನಲ್ಲಿ ಶುರುವಾಯಿತು. ಚೀಲ ಹೊರಲು ನಾಲ್ಕು ಚಕ್ರದ ತಳ್ಳುಗಾಡಿ ತರಿಸಿದ್ದಾರೆ, ಸೊಂಟ ಉಳಿಯಿತು. ಜರಡಿ ಕೋಣೆಯ ಮಾಡಿನವರೆಗೂ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಜಂತಿಯ ಮೇಲಿಂದ ಎಷ್ಟು ದೂಳು ಬಂತು ಗೊತ್ತಾ? ಏಳು ಬಕೆಟ್. ನಾವು ಅದರ ಕೆಳಗೆ ಕೂತು ಹಾಡಿಕೊಂಡು ಕೆಲಸ ಮಾಡುತ್ತಿದ್ದೆವು.

ಮಷಿನ್ ಇಟ್ಟಿದ್ದ ಮೂಲೆ ಖಾಲಿ ಇದೆ. ನೆಲಕ್ಕೆ ಬಳಪದಲ್ಲಿ ಅದರ ಅಳತೆ ಗುರುತು ಹಾಕಿದ್ದರು. ಒರೆಸಲು ಬಗ್ಗಿದವಳು ಹಾಗೇ ಕೂತುಬಿಟ್ಟೆ. ಏನೂ ಆಗಲಿಲ್ಲವಲ್ಲ, ಆ ಆಗದೆ ಹೋದದ್ದಕ್ಕೆ ನನಗೆ ಅಳು ಬಂತು. ಎಲ್ಲರೂ ನಾನು ಹುದ್ದೆ ಹೋದದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದರು. "ಹೋಗ್ಲಿ ಬಿಡಕ್ಕಾ, ಅವರಿಗೇನು ಬಂತು ಕೇಡು" ಅಂತ ಯಜಮಾನರಿಗೆ ಎರಡು ಬೈದರು. ನಾನು ಬಿಡಿಸಿ ಹೇಳಲಿಲ್ಲ. ಹೇಗೆ ಹೇಳಲಿ?

ಸಂಜೆ ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ಒಬ್ಬೊಬ್ಬರೇ ಬಂದರು. ಕಾಲು ಎಳೆದುಕೊಂಡು ನಡೆಯುವವಳು, ಬಸುರಿ, ಸದಾ ಜಗಳ ಕಾಯುವ ಇಬ್ಬರು, ನಿನ್ನೆ ಮೊನ್ನೆ ಸೇರಿದ ಹೊಸಬಳು. ಬಾಯಿ ಬಡಿದುಕೊಳ್ಳುತ್ತಾ, ನಗುತ್ತಾ, ಚಪ್ಪಲಿ ಹುಡುಕುತ್ತಾ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಗೇಟಿನವರು ನೋಡಿ, "ಏನಕ್ಕಾ, ಯಾರ್ನ ಹುಡುಕ್ತಿದೀರಿ?" ಅಂದರು.

"ಯಾರ್ನೂ ಇಲ್ಲ" ಅಂದೆ. "ಎಲ್ಲಾರೂ ಇದಾರೆ."

ನಿನ್ನ ಅಮ್ಮ